ಗಂಗೆಗೆ ಬೆರೆಯುವ ಮುನ್ನ

ದಶಾಶ್ವಮೇಧ ಘಾಟಿಗೆ ಇಳಿಯುವ ದಾರಿಯಲ್ಲಿ ಮಾರುವ ದೀಪದ ದೊನ್ನೆಯೊಂದನ್ನು ನೀರಿಗೆ ಬಿಡುವ ಮೊದಲು ಬಿಡಿಬಿಡಿಯಾಗಿ ನೋಡಬೇಕು. ಒಣಗಿದ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಮಾಡಿದ ಬಟ್ಟಲು, ಅದರೊಳಗೆ ನಾಲ್ಕಾರು ಚೆಂಡುಹೂ, ಒಂದೆರಡು ಗುಲಾಬಿ ಎಸಳು, ನಡುವೆ ಹತ್ತಿಯ ಬತ್ತಿ, ಬತ್ತಿಗೆ ಅಂಟಿಸಿದ ಒಂದಿಷ್ಟು ಮೇಣ ಅಥವಾ ವನಸ್ಪತಿ. ಎಲೆ ಮಣ್ಣಿಗೆ ಹೋದರೆ ಗೊಬ್ಬರ. ಹೂವನ್ನು ಒಣಗಿಸಿದರೆ ಬಣ್ಣ, ಊದುಬತ್ತಿಯ ಪುಡಿ. ಹತ್ತಿ ಉರಿದು ಬೂದಿಯಾಗುತ್ತದೆ. ಈಚೆಗೆ ಎಲೆಯ ಜಾಗಕ್ಕೆ ಬೆಳ್ಳಿಬಣ್ಣ ಮೆತ್ತಿದ ಕಾಗದದ ಬಟ್ಟಲೂ ಬಂದಿದೆ. ಹೂ ಕಟ್ಟುವ ದಾರ ನೈಲಾನ್ ಆಗಿದೆ. ಹೂವಿನ ಜೊತೆ ಕೊಡುವ ಚೀಲ ಪ್ಲಾಸ್ಟಿಕ್ಕಿನದು. ಆರತಿ ಮುಗಿದು ಅರ್ಧ ಗಂಟೆಯಾಗುವಷ್ಟರಲ್ಲಿ ಇವೆಲ್ಲ ಒಂದಾಗಿ, ದೋಣಿಗಳ ಸಂದಿಯಲ್ಲಿ ಕಪ್ಪುಗಟ್ಟಿದ ರಾಶಿಯಾಗಿ ತೇಲುತ್ತವೆ. ಪೌರಕಾರ್ಮಿಕರು ಬಲೆ ಹಿಡಿದು ಅದನ್ನು ಎತ್ತುತ್ತಾರೆ. ಆ ರಾಶಿಯಿಂದ ಗೊಬ್ಬರವೂ ಬಾರದು, ಊದುಬತ್ತಿಯೂ ಬಾರದು. ಬಿಡಿಯಾಗಿದ್ದಾಗ ಪ್ರತಿಯೊಂದೂ ವಸ್ತುವೇ ಆಗಿತ್ತು. ಬೆರೆತ ಮೇಲೆ ಎಲ್ಲವೂ ಕಸ.

ಕಸವೇ ಇಲ್ಲದ, ಹೊಗೆಯೂ ಕೊಳಚೆಯೂ ಹೊರಬಾರದ ಉದ್ಯಮ ಸಾಧ್ಯವೇ ಎಂಬ ಪ್ರಶ್ನೆಯನ್ನು ಹಿಡಿದು ಮೂವತ್ತು ವರ್ಷಗಳಿಂದ ಹಲವು ದೇಶಗಳ ವಿಜ್ಞಾನಿಗಳು, ಉದ್ಯಮಿಗಳು, ರೈತರು ಕೈಜೋಡಿಸಿರುವ ಒಂದು ಜಾಲವಿದೆ. ಹೆಸರು ‘ಜೆರಿ’. ಶೂನ್ಯ ವಿಸರ್ಜನೆಯ ಸಂಶೋಧನೆ ಮತ್ತು ಉಪಕ್ರಮಗಳು ಎನ್ನುವುದರ ಇಂಗ್ಲಿಷ್ ಹ್ರಸ್ವರೂಪ ಅದು. 1994ರಲ್ಲಿ ಟೋಕಿಯೊದ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಆಸರೆಯಲ್ಲಿ ಇದನ್ನು ಹುಟ್ಟುಹಾಕಿದವರು ಬೆಲ್ಜಿಯಂನ ಉದ್ಯಮಿ ಗುಂಟರ್ ಪೌಲಿ. ಅದಕ್ಕೂ ಮೊದಲು ಅವರು ಇಕೋವರ್ ಎಂಬ ಸಾಬೂನು ಕಂಪನಿಯನ್ನು ನಡೆಸುತ್ತಿದ್ದರು. ನೀರಿನಲ್ಲಿ ಬೇಗ ಕರಗಿಹೋಗುವ, ನದಿಗೆ ಕೇಡು ಮಾಡದ ಮಾರ್ಜಕ ಅವರ ಹೆಮ್ಮೆ. 1990ರ ದಶಕದ ಆರಂಭದಲ್ಲಿ ಕಟ್ಟಿದ ಅವರ ‘ಹಸಿರು ಕಾರ್ಖಾನೆ’ಯನ್ನು ನೋಡಲು ಯುರೋಪಿನ ಪತ್ರಕರ್ತರು ಸಾಲುಗಟ್ಟಿದ್ದರು. ಆದರೆ ಆ ಸಾಬೂನಿಗೆ ಬೇಕಾದ ತಾಳೆ ಎಣ್ಣೆ ಬರುತ್ತಿದ್ದುದು ಇಂಡೊನೇಷ್ಯಾದಿಂದ. ತಾಳೆತೋಟಕ್ಕಾಗಿ ಅಲ್ಲಿ ಮಳೆಕಾಡು ಉರುಳುತ್ತಿತ್ತು, ಒರಾಂಗುಟಾನ್‌ಗಳು ನೆಲೆ ಕಳೆದುಕೊಳ್ಳುತ್ತಿದ್ದವು. ಯುರೋಪಿನ ನದಿ ತಿಳಿಯಾಗಲು ಏಷ್ಯಾದ ಕಾಡು ಬೋಳಾಗುವುದನ್ನು ಕಂಡ ಪೌಲಿ ಆ ಉದ್ಯಮದಿಂದ ಹೊರಬಂದರು.

ಜೆರಿಯ ಮೂಲ ಸೂತ್ರ ನಮ್ಮ ಹಳ್ಳಿಯವರಿಗೆ ಹೊಸದೇನಲ್ಲ. ಒಬ್ಬರು ಬಿಟ್ಟದ್ದು ಇನ್ನೊಬ್ಬರ ಊಟ. ಆದರೆ ಅವರು ಅದನ್ನು ಕಾರ್ಖಾನೆಯ ಲೆಕ್ಕಪುಸ್ತಕಕ್ಕೆ ತಂದರು. ಒಂದು ಜೀವವರ್ಗಕ್ಕೆ ವಿಷವಾದದ್ದು ಇನ್ನೊಂದು ಜೀವವರ್ಗಕ್ಕೆ ಆಹಾರವಾದೀತು. ಸಸ್ಯ, ಪ್ರಾಣಿ, ಶಿಲೀಂಧ್ರ, ಪಾಚಿ, ಬ್ಯಾಕ್ಟೀರಿಯಾ ಇವನ್ನೆಲ್ಲ ಒಂದರ ಪಕ್ಕ ಒಂದು ಇಟ್ಟರೆ ಹೊರಗೆಸೆಯಲು ಏನೂ ಉಳಿಯುವುದಿಲ್ಲ, ಪ್ರತಿ ಹಂತದಲ್ಲೂ ಮಾರಾಟಕ್ಕೆ ಒಂದು ಸರಕು ಸಿಗುತ್ತದೆ. ನಮೀಬಿಯಾದ ಸುಮೆಬ್ ಪಟ್ಟಣದಲ್ಲಿ 1990ರ ದಶಕದ ಕೊನೆಯಲ್ಲಿ ಜೋಳದ ಬಿಯರ್ ತಯಾರಿಸುವ ಘಟಕವೊಂದನ್ನು ಈ ರೀತಿ ಕಟ್ಟಿದರು. ಬಿಯರ್ ಬಸಿದು ಉಳಿದ ಧಾನ್ಯದ ಚರಟದಲ್ಲಿ ಅಣಬೆ ಬೆಳೆಸಿದರು. ಅಣಬೆ ಆ ಚರಟದ ಗಡಸು ನಾರನ್ನು ಒಡೆದು ಮೆತ್ತಗೆ ಮಾಡಿದ್ದನ್ನು ಹಂದಿಗಳಿಗೆ ಹಾಕಿದರು. ಹಂದಿಯ ಸಗಣಿಯಿಂದ ಗೊಬ್ಬರ ಗ್ಯಾಸ್. ಅಲ್ಲಿಂದ ಹೊರಬಂದ ಬಗ್ಗಡ ನೀರು ಆಳವಿಲ್ಲದ ಹೊಂಡಗಳಲ್ಲಿ ಪಾಚಿಗೆ ಉಣಿಸಾಯಿತು, ಪಾಚಿಯ ನೀರು ಮೀನಿನ ಕೆರೆಗೆ ಹರಿಯಿತು. ಇದನ್ನು ವಿನ್ಯಾಸ ಮಾಡಿದ ಮಾರಿಷಸ್ ಮೂಲದ ಎಂಜಿನಿಯರ್ ಜಾರ್ಜ್ ಚಾನ್ ಅದನ್ನು ಯಾವ ಪ್ರಯೋಗಾಲಯದಲ್ಲೂ ಕಲಿತದ್ದಲ್ಲ. ಚೀನಾದ ರೈತರ ಜೊತೆ ವರ್ಷಗಟ್ಟಲೆ ಓಡಾಡಿ ಕಲಿತದ್ದು.

ಪೌಲಿ 2010ರಲ್ಲಿ ಬರೆದ ‘ದ ಬ್ಲೂ ಎಕಾನಮಿ’ ಪುಸ್ತಕ ಹತ್ತು ವರ್ಷದಲ್ಲಿ ನೂರು ಹೊಸ ಉದ್ದಿಮೆ, ಹತ್ತು ಕೋಟಿ ಉದ್ಯೋಗ ಎಂಬ ಭರವಸೆ ಹೊತ್ತು ಬಂತು. ಆ ಲೆಕ್ಕ ಅತಿಯಾಯಿತು ಎಂದೇ ನನಗೆ ಅನಿಸುತ್ತದೆ. ಉತ್ಸಾಹಿಗಳು ಹೇಳುವಷ್ಟು ಸುಲಭವಾಗಿ ಈ ಸರಪಳಿಗಳು ನಿಲ್ಲುವುದಿಲ್ಲ, ನಡುವಿನ ಒಂದು ಕೊಂಡಿ ಕಳಚಿದರೆ ಉಳಿದವೂ ಬೀಳುತ್ತವೆ. ಆದರೂ ನೋಡುವ ಕ್ರಮ ಸರಿಯಾಗಿದೆ. ಆ ಕ್ರಮವನ್ನು ಹಿಡಿದು ನೋಡಬೇಕಾದ ಊರುಗಳಲ್ಲಿ ಕಾಶಿ ಮೊದಲನೆಯದು. ಹೂವು, ಸಗಣಿ, ಬೂದಿ, ಕೊಳಚೆ, ರೇಷ್ಮೆಯ ಬಣ್ಣ ಎಲ್ಲವೂ ಅಲ್ಲಿ ಒಂದೇ ನದಿಯ ದಡಕ್ಕೆ ಬಂದು ಸೇರುತ್ತವೆ.

ಕೊಳಚೆಯ ಕಥೆಯನ್ನೇ ಮೊದಲು ಹೇಳಬೇಕು, ಏಕೆಂದರೆ ಗಂಗೆಗೆ ಸೇರುವುದರಲ್ಲಿ ದೊಡ್ಡ ಪಾಲು ಅದರದ್ದು. ಯಾತ್ರಿಕರ ಹೂವು ಕಣ್ಣಿಗೆ ಬೀಳುತ್ತದೆ, ಕೊಳಚೆ ಕೊಳವೆಯಲ್ಲಿ ಬರುತ್ತದೆ. 1986ರ ಜೂನ್ 14ರಂದು ಪ್ರಧಾನಿ ರಾಜೀವ್ ಗಾಂಧಿ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ಕೊಟ್ಟದ್ದು ಇದೇ ಕಾಶಿಯಲ್ಲಿ. ಘಾಟುಗಳ ಬಳಿ ಬರುವ ಮೋರಿಗಳನ್ನು ತಡೆದು, ಪಂಪುಗಳಿಂದ ಮೇಲಕ್ಕೆತ್ತಿ, ಊರಾಚೆಯ ದೀನಾಪುರದ ಘಟಕಕ್ಕೆ ಕಳಿಸುವುದು ಯೋಜನೆಯ ತಿರುಳು. ಪಂಪು ತಿರುಗಲು ಕರೆಂಟು ಬೇಕು. ಗಂಟೆಗಟ್ಟಲೆ ಕರೆಂಟು ಹೋಗುತ್ತಿದ್ದ ಊರಿನಲ್ಲಿ ಪಂಪು ನಿಂತಾಗಲೆಲ್ಲ ಕೊಳಚೆ ಮತ್ತೆ ನದಿಗೇ ಬಂತು, ಕೆಲವೊಮ್ಮೆ ಗಲ್ಲಿಗಳ ಮ್ಯಾನ್‌ಹೋಲ್‌ಗಳಲ್ಲಿ ಉಕ್ಕಿತು. ಮಳೆಗಾಲದ ನೆರೆಯಲ್ಲಿ ಪಂಪುಗಳೇ ಮುಳುಗಿದವು.

ಇದನ್ನು ಆರಂಭದಿಂದಲೂ ಎಚ್ಚರಿಸುತ್ತ ಬಂದವರು ವೀರಭದ್ರ ಮಿಶ್ರ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಅದೇ ಹೊತ್ತಿಗೆ ತುಳಸೀದಾಸರ ಪರಂಪರೆಯ ಸಂಕಟಮೋಚನ ಹನುಮಾನ್ ಮಂದಿರದ ಮಹಂತರು. ಬೆಳಗ್ಗೆ ತುಳಸಿ ಘಾಟಿನಲ್ಲಿ ಮುಳುಗು ಹಾಕಿ ಬಂದು ಆಮೇಲೆ ತರಗತಿಯಲ್ಲಿ ನೀರಿನ ಹರಿವಿನ ಗಣಿತ ಹೇಳುತ್ತಿದ್ದವರು. 1982ರಲ್ಲಿ ಅವರು ಸಂಕಟಮೋಚನ ಫೌಂಡೇಶನ್ ಕಟ್ಟಿದರು. ತುಳಸಿ ಘಾಟಿನ ಮೇಲೆಯೇ ಪ್ರಯೋಗಾಲಯ ತೆರೆದು ನದಿಯ ನೀರನ್ನು ಪರೀಕ್ಷಿಸತೊಡಗಿದರು. ಸ್ನಾನಕ್ಕೆ ಯೋಗ್ಯವೆನ್ನಬೇಕಾದರೆ 100 ಮಿಲಿಲೀಟರ್ ನೀರಿನಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ರ ಒಳಗಿರಬೇಕು, ಹೆಚ್ಚೆಂದರೆ 2,500 ಎಂಬುದು ನಮ್ಮ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಮೋರಿ ಬಂದು ಸೇರುವ ಜಾಗಗಳಲ್ಲಿ ಅದು ಲಕ್ಷಗಳನ್ನು ದಾಟುತ್ತಿತ್ತು. ಸರ್ಕಾರಿ ವರದಿ ಏನೇ ಹೇಳಲಿ, ಮಹಂತರ ಬಳಿ ತಮ್ಮದೇ ಅಂಕಿ ಇರುತ್ತಿತ್ತು. 1992ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅವರನ್ನು ತನ್ನ ‘ಗ್ಲೋಬಲ್ 500’ ಗೌರವ ಪಟ್ಟಿಗೆ ಸೇರಿಸಿತು.

ಅವರು ಬರೀ ದೂರು ಹೇಳಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ವಿಲಿಯಂ ಆಸ್ವಾಲ್ಡ್ ಅವರ ಜೊತೆ ಸೇರಿ ಕಾಶಿಗೆ ಇನ್ನೊಂದು ದಾರಿ ತೋರಿಸಿದರು. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ಅಸ್ಸಿಯಿಂದ ವರುಣಾ ಸಂಗಮದವರೆಗೆ ಘಾಟುಗಳ ಸಾಲು. ಆ ಸಾಲಿನ ಉದ್ದಕ್ಕೆ ನೆಲದಡಿ ಒಂದು ದೊಡ್ಡ ಕಾಲುವೆ ಹಾಕಿ, ಮೋರಿಗಳನ್ನೆಲ್ಲ ಅದಕ್ಕೆ ತಿರುಗಿಸಿ, ಇಳಿಜಾರಿನ ಬಲದಿಂದಲೇ ಊರಿನ ಕೆಳಭಾಗಕ್ಕೆ ಒಯ್ಯುವುದು. ಅಲ್ಲಿ ಸಾಲು ಕೆರೆಗಳು. ಮೊದಲನೆಯ ಆಳದ ಕೆರೆಯಲ್ಲಿ ಗಟ್ಟಿ ಮಲ ತಳಕ್ಕಿಳಿದು ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ಎರಡನೆಯದು ಆಳವಿಲ್ಲದ ಕೆರೆ. ಅಲ್ಲಿ ಬಿಸಿಲು ಬಿದ್ದು ಪಾಚಿ ಬೆಳೆಯುತ್ತದೆ, ಪಾಚಿ ಬಿಡುವ ಆಮ್ಲಜನಕವನ್ನು ಉಸಿರಾಡಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಮುಂದಿನದರಲ್ಲಿ ಪಾಚಿ ತಳಕ್ಕೆ ಕೂರುತ್ತದೆ. ಕೊನೆಯ ಕೆರೆಯಲ್ಲಿ ನೀರು ದಿನಗಟ್ಟಲೆ ನಿಂತು, ಬಿಸಿಲಿಗೆ ರೋಗಾಣುಗಳು ಸಾಯುತ್ತವೆ. ಗ್ಯಾಸ್ ಉರಿಸಬಹುದು, ಪಾಚಿ ಗೊಬ್ಬರವಾಗುತ್ತದೆ, ನೀರು ಹೊಲಕ್ಕೆ ಹೋಗುತ್ತದೆ. ದೊಡ್ಡ ಗಾಳಿಯಂತ್ರಗಳ ಕೆಲಸವನ್ನು ಪಾಚಿ ಬಿಟ್ಟಿ ಮಾಡುತ್ತದೆ. ಕ್ಯಾಲಿಫೋರ್ನಿಯಾದ ಸೇಂಟ್ ಹೆಲೆನಾ ಎಂಬ ಸಣ್ಣ ಪಟ್ಟಣದಲ್ಲಿ ಇಂಥ ಕೆರೆಗಳು 1960ರ ದಶಕದಿಂದ ಕೆಲಸ ಮಾಡಿ ತೋರಿಸಿದ್ದವು. ನಮೀಬಿಯಾದ ಬಿಯರ್ ಘಟಕದ ಪಾಚಿ ಹೊಂಡಗಳೂ ಇದೇ ಬಳಗಕ್ಕೆ ಸೇರಿದವು. ವರ್ಷದಲ್ಲಿ ಬಹುಪಾಲು ದಿನ ಬಿಸಿಲು ಸುರಿಯುವ, ಕರೆಂಟು ನಂಬಲಾಗದ ಊರಿಗೆ ಇದಕ್ಕಿಂತ ಹೊಂದುವ ಯೋಜನೆ ಯಾವುದಿದ್ದೀತು?

ಕಾಶಿಯ ನಗರಸಭೆ 1990ರ ದಶಕದಲ್ಲಿ ಈ ಯೋಜನೆಯ ಪರವಾಗಿ ನಿಂತಿತ್ತು. ಆದರೆ ಹಣವೂ ತೀರ್ಮಾನವೂ ಲಖನೌ, ದೆಹಲಿಗಳ ಕೈಯಲ್ಲಿ. ಕೆರೆಗೆ ನೂರಾರು ಎಕರೆ ಜಾಗ ಬೇಕು ಎಂಬ ಆಕ್ಷೇಪ ಸುಳ್ಳಾಗಿರಲಿಲ್ಲ. ಯಂತ್ರ ಕೊಳ್ಳುವ ಯೋಜನೆಗೆ ಸಿಗುವ ಬೆಂಬಲ ಯಂತ್ರ ಬೇಡವೆನ್ನುವ ಯೋಜನೆಗೆ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ಕಡತ ಮೇಜಿನಿಂದ ಮೇಜಿಗೆ ಅಲೆಯಿತು. 2013ರ ಮಾರ್ಚ್‌ನಲ್ಲಿ ಮಿಶ್ರರು ತೀರಿಕೊಂಡಾಗಲೂ ಆ ಕೆರೆಗಳು ಆಗಿರಲಿಲ್ಲ. ಮರುವರ್ಷ ನಮಾಮಿ ಗಂಗೆ ಯೋಜನೆ 20,000 ಕೋಟಿ ರೂಪಾಯಿಯೊಂದಿಗೆ ಬಂತು. ದೀನಾಪುರದಲ್ಲಿ ದಿನಕ್ಕೆ 14 ಕೋಟಿ ಲೀಟರ್ ಕೊಳಚೆ ಶುದ್ಧೀಕರಿಸುವ ಹೊಸ ಘಟಕ 2018ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು, ಗೋಇಠಾದಲ್ಲಿ 12 ಕೋಟಿ ಲೀಟರಿನದು, ರಮನಾದಲ್ಲಿ 5 ಕೋಟಿ ಲೀಟರಿನದು ಎದ್ದವು. ಘಾಟುಗಳ ಮುಂದಿನ ನೀರು ಮೊದಲಿಗಿಂತ ಸುಧಾರಿಸಿದೆ ಎಂದು ಒಪ್ಪಿಕೊಳ್ಳಬೇಕು. ವರುಣಾ, ಅಸ್ಸಿ ಎಂಬ ಎರಡು ಹೊಳೆಗಳ ನಡುವೆ ಇರುವುದರಿಂದಲೇ ವಾರಾಣಸಿ ಎಂಬ ಹೆಸರು ಬಂತೆಂದು ಹೇಳುವ ಊರಿನಲ್ಲಿ, ಆ ಅಸ್ಸಿ ಮೋರಿಯಾಗಿಯೇ ಹರಿಯುತ್ತಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ದೀನಾಪುರದ ಸುತ್ತಮುತ್ತಲ ರೈತರು ಈ ಕೊಳಚೆ ನೀರನ್ನು ಹೊಲಕ್ಕೆ ಹಾಯಿಸುತ್ತ ಬಂದವರು. ಸಾರಜನಕ, ರಂಜಕ ತುಂಬಿದ ನೀರು, ಗೊಬ್ಬರದ ಖರ್ಚಿಲ್ಲ, ಪಾಲಕ್ ಸೊಂಪಾಗಿ ಬರುತ್ತದೆ. ಜೆರಿಯವರು ಇದನ್ನು ನೋಡಿದ್ದರೆ ಸರಪಳಿ ಪೂರ್ತಿಯಾಯಿತು ಎನ್ನುತ್ತಿದ್ದರೇನೋ. ಆದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನ ನಗರದ ಹೊರವಲಯದ ಇಂಥ ಹೊಲಗಳ ಸೊಪ್ಪಿನಲ್ಲಿ ಕ್ಯಾಡ್ಮಿಯಂ, ಸೀಸ, ನಿಕ್ಕಲ್‌ಗಳು ನಮ್ಮ ಆಹಾರ ಕಾನೂನು ಹಾಕಿದ ಮಿತಿಯನ್ನು ಮೀರಿದ್ದನ್ನು ತೋರಿಸಿತು. ಮನುಷ್ಯರ ಮಲದಲ್ಲಿ ಅಷ್ಟು ಲೋಹ ಇರುವುದಿಲ್ಲ. ಬಣ್ಣದ ತೊಟ್ಟಿಗಳಿಂದ, ಲೋಹದ ಲೇಪನ ಮಾಡುವ ಅಂಗಡಿಗಳಿಂದ, ಸಣ್ಣಪುಟ್ಟ ಕಾರ್ಖಾನೆಗಳಿಂದ ಬಂದದ್ದು ಮನೆಯ ಮೋರಿಗೆ ಸೇರಿತು. ಮನೆಯ ಕೊಳಚೆ ಒಂಟಿಯಾಗಿ ಬಂದಿದ್ದರೆ ಅದು ಹೊಲಕ್ಕೆ ಉಣಿಸು. ಲೋಹ ಒಂಟಿಯಾಗಿ ಉಳಿದಿದ್ದರೆ ಅದನ್ನು ತೊಟ್ಟಿಯಲ್ಲೇ ಹಿಡಿಯಬಹುದಿತ್ತು. ಎರಡೂ ಒಂದೇ ಕೊಳವೆಗೆ ಇಳಿದ ಮೇಲೆ ಎಂಥ ಪಾಚಿಕೆರೆಯೂ, ಎಂಥ ದುಬಾರಿ ಘಟಕವೂ ಲೋಹವನ್ನು ಪೂರ್ತಿ ಬೇರ್ಪಡಿಸಿ ಕೊಡಲಾರದು. ಮಿಶ್ರರ ಕೆರೆಗಳು ಆಗಿದ್ದರೂ ಈ ಪ್ರಶ್ನೆ ಎದುರಾಗುತ್ತಿತ್ತು.

ಆ ಬಣ್ಣದ ತೊಟ್ಟಿಗಳ ಕಡೆಗೆ ಹೋಗುವ ಮೊದಲು ನಮ್ಮ ಶಿಡ್ಲಘಟ್ಟಕ್ಕೆ ಬರಬೇಕು. ಬನಾರಸಿ ಸೀರೆ ಮದನಪುರ, ಅಲೈಪುರಗಳ ಮಗ್ಗದಲ್ಲಿ ಹುಟ್ಟುತ್ತದೆ ಎನ್ನುವುದು ಅರ್ಧ ಸತ್ಯ. ಆ ಸೀರೆಯ ನೂಲಿನಲ್ಲಿ ಬಹಳಷ್ಟು ಹೋಗುವುದು ರಾಮನಗರ, ಶಿಡ್ಲಘಟ್ಟಗಳ ಬಿಚ್ಚಾಣಿಕೆ ಮನೆಗಳಿಂದ. ಚೀನಾದ ನೂಲೂ ಸೇರುತ್ತದೆ, ಆದರೆ ಬನಾರಸಿನ ನೇಕಾರರ ಬಾಯಲ್ಲಿ ‘ಬೆಂಗಳೂರು ರೇಷ್ಮೆ’ ಇಂದಿಗೂ ಚಾಲ್ತಿಯ ಮಾತು. ಒಂದು ಸೀರೆಯ ಕಸವನ್ನು ಲೆಕ್ಕ ಹಾಕಲು ಹೊರಟರೆ ಕಾವೇರಿ ಸೀಮೆ, ಕೋಲಾರ ಸೀಮೆಯಿಂದಲೇ ಹೊರಡಬೇಕು.

ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳೆಂಟು ಕಿಲೋ ಗೂಡು ಬೇಕು. ಬಿಚ್ಚಾಣಿಕೆಯ ಬಿಸಿನೀರಿನ ಬಾಣಲೆಯಲ್ಲಿ ನೂಲು ಕಳಚಿದ ಮೇಲೆ ಉಳಿಯುವುದು ಬೆಂದ ಹುಳು, ಅಂದರೆ ಪ್ಯೂಪಾ. ರಾಮನಗರದ ಬಿಚ್ಚಾಣಿಕೆ ಕೇರಿಗಳಲ್ಲಿ ನಡೆದವರು ಆ ವಾಸನೆಯನ್ನು ಮರೆಯಲಾರರು. ಆದರೆ ಅದು ಕಸವಲ್ಲ. ಒಣಗಿಸಿದರೆ ಅದರಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲು ಭಾಗಕ್ಕೆ ಹತ್ತಿರ ಎಣ್ಣೆ. ಎಣ್ಣೆ ಸಾಬೂನಿಗೆ, ಹಿಂಡಿ ಮೀನಿಗೆ, ಕೋಳಿಗೆ ಹೋಗುತ್ತದೆ. ಬಿಚ್ಚಲಾಗದೆ ಉಳಿದ ತುಂಡು ನೂಲನ್ನು ಹಿಂಜಿ ನೂಲುವುದಕ್ಕಾಗಿಯೇ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ಕಟ್ಟಲಾಯಿತು. ಹುಳು ತಿಂದುಳಿದ ಹಿಪ್ಪುನೇರಳೆ ಕಡ್ಡಿ, ಹಿಕ್ಕೆ ಮತ್ತೆ ತೋಟಕ್ಕೆ. ಚೀನಾದ ಪರ್ಲ್ ನದಿಯ ಬಯಲಿನಲ್ಲಿ ಇದೇ ಚಕ್ರವನ್ನು ಇನ್ನೂ ಒಂದು ಸುತ್ತು ಮುಂದೆ ಒಯ್ದಿದ್ದರು. ಕೆರೆಯ ಏರಿಯ ಮೇಲೆ ಹಿಪ್ಪುನೇರಳೆ, ಹುಳುವಿನ ಹಿಕ್ಕೆ ಕೆರೆಯ ಮೀನಿಗೆ, ಕೆರೆಯ ಹೂಳು ಮತ್ತೆ ಹಿಪ್ಪುನೇರಳೆಯ ಬುಡಕ್ಕೆ. ಜಾರ್ಜ್ ಚಾನ್ ಚೀನಾದಲ್ಲಿ ಕಲಿತದ್ದು ಇಂಥ ಸಂಸಾರಗಳನ್ನು. ನಮ್ಮ ರೇಷ್ಮೆ ರೈತರಿಗೂ ಬಿಚ್ಚಾಣಿಕೆದಾರರಿಗೂ ಸಲ್ಲಬೇಕಾದ ಗೌರವ ಸಂದಿಲ್ಲ. ಶೂನ್ಯ ತ್ಯಾಜ್ಯ ಎಂಬ ಮಾತು ಹುಟ್ಟುವ ಮೊದಲೇ ಅದರ ಹತ್ತಿರಕ್ಕೆ ಬಂದ ಕಸುಬು ಅವರದು.

ಚಕ್ರ ಕಡಿಯುವುದು ಮುಂದೆ. ಕಚ್ಚಾ ರೇಷ್ಮೆಯ ಎಳೆಯ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಹುಳು ಗೂಡನ್ನು ಗಟ್ಟಿಯಾಗಿ ಅಂಟಿಸಿಕೊಳ್ಳುವುದೇ ಇದರಿಂದ. ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ. ಅದನ್ನು ತೆಗೆಯದೆ ರೇಷ್ಮೆಗೆ ಹೊಳಪು ಬರುವುದಿಲ್ಲ, ಬಣ್ಣ ಹಿಡಿಯುವುದಿಲ್ಲ. ಹಾಗಾಗಿ ಸಾಬೂನು, ಸೋಡಾ ಹಾಕಿದ ಕುದಿನೀರಿನಲ್ಲಿ ನೂಲಿನ ಲಡಿಗಳನ್ನು ಅದ್ದಿ ಅದ್ದಿ ಅಂಟು ಬಿಡಿಸುತ್ತಾರೆ. ನಾಲ್ಕು ಕಿಲೋ ನೂಲು ಒಳಗೆ ಹೋಗಿ ಮೂರು ಕಿಲೋ ಹೊರಬರುತ್ತದೆ, ಉಳಿದ ಒಂದು ಕಿಲೋ ನೀರಿನೊಂದಿಗೆ ಚರಂಡಿಗೆ. ಆಮೇಲೆ ಬಣ್ಣದ ತೊಟ್ಟಿ. ಬಣ್ಣದ ನೀರೂ ಅದೇ ಚರಂಡಿಗೆ, ಚರಂಡಿ ವರುಣೆಗೆ ಇಲ್ಲವೇ ಕೊಳಚೆಯ ಕೊಳವೆಗೆ.

ಸೆರಿಸಿನ್ ಸಾಮಾನ್ಯ ಸರಕಲ್ಲ. ಚರ್ಮದ ತೇವ ಹಿಡಿದಿಡುವ ಗುಣಕ್ಕಾಗಿ ಕ್ರೀಮು, ಶಾಂಪೂ ತಯಾರಕರು ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಗಾಯಕ್ಕೆ ಕಟ್ಟುವ ಪಟ್ಟಿಗಳಲ್ಲೂ ಅದರ ಪ್ರಯೋಗ ನಡೆದಿದೆ. ಸಾಬೂನು ಸೋಡಾ ಹಾಕದೆ, ಮುಚ್ಚಿದ ಪಾತ್ರೆಯಲ್ಲಿ ಒತ್ತಡದ ಬಿಸಿನೀರಿನಿಂದಲೇ ಅಂಟು ಬಿಡಿಸಿದರೆ ಆ ನೀರಿನಿಂದ ಸೆರಿಸಿನನ್ನು ಪುಡಿಯಾಗಿ ಮರಳಿ ಪಡೆಯಬಹುದು. ಸಾಬೂನಿನೊಂದಿಗೆ ಬೆರೆತರೆ ಬೇರ್ಪಡಿಸುವ ಖರ್ಚು ಗಿಟ್ಟುವುದಿಲ್ಲ. ರೇಷ್ಮೆ ತಂತ್ರಜ್ಞರಿಗೆ ಇದು ಗೊತ್ತಿರುವ ವಿಷಯವೇ. ಆದರೆ ಮನೆಯ ಹಿತ್ತಿಲಲ್ಲಿ ಒಂದು ಕಡಾಯಿ, ಎರಡು ಕೋಲು ಇಟ್ಟುಕೊಂಡು ದಿನಗೂಲಿಗೆ ಬಣ್ಣ ಹಾಕುವ ಮನುಷ್ಯ ಒತ್ತಡದ ಪಾತ್ರೆಯನ್ನು ಎಲ್ಲಿಂದ ತಂದಾನು? ಅವನಿಗೆ ಗುಮಾಸ್ತರ ನೋಟೀಸು ತಲುಪುತ್ತದೆ, ಪಾತ್ರೆ ತಲುಪುವುದಿಲ್ಲ. 2009ರಲ್ಲಿ ಬನಾರಸಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು, ಆದರೆ ಅದರಿಂದ ಆದದ್ದು ಹೆಸರಿನ ರಕ್ಷಣೆಯಷ್ಟೇ. ಹತ್ತಾರು ಬಣ್ಣದವರು ಒಟ್ಟಿಗೆ ಬಳಸುವ ಒಂದು ಅಂಟು ಬಿಡಿಸುವ ಮನೆ ಕೇರಿಗೊಂದು ಇದ್ದರೆ ಅಂಟೂ ಉಳಿಯುತ್ತದೆ, ಬಣ್ಣದ ನೀರನ್ನು ಹಿಡಿಯಲೂ ಒಂದು ಜಾಗ ಸಿಗುತ್ತದೆ. ಈ ಖರ್ಚನ್ನು ಕಾಶಿಯ ಬಡ ಬಣ್ಣಗಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ನೂಲು ಮಾರುವ ನಾವೂ, ಸೀರೆ ಉಡುವ ನಾವೂ ಅದರಲ್ಲಿ ಪಾಲುದಾರರು.

ಹೂವಿನ ವಿಷಯದಲ್ಲಿ ದಾರಿ ಸ್ವಲ್ಪ ತೆರೆದಿದೆ. ಗಂಗೆಯ ಹರಿವಿನಲ್ಲಿ ಕಾಶಿಗಿಂತ ಮೇಲಿರುವ ಕಾನ್ಪುರದಲ್ಲಿ 2015ರ ಹೊತ್ತಿಗೆ ಅಂಕಿತ್ ಅಗರ್ವಾಲ್, ಕರಣ್ ರಸ್ತೋಗಿ ಎಂಬ ಇಬ್ಬರು ಗೆಳೆಯರು ದೇವಸ್ಥಾನಗಳ ಹೂವನ್ನು ಸಂಗ್ರಹಿಸಿ ಗೊಬ್ಬರ, ಊದುಬತ್ತಿ ಮಾಡಲು ಹೊರಟರು. ಅದರಿಂದ ಬೆಳೆದ ‘ಫೂಲ್’ ಕಂಪನಿ ಈಗ ಹೂವಿನ ತ್ಯಾಜ್ಯದ ಮೇಲೆ ಶಿಲೀಂಧ್ರ ಬೆಳೆಸಿ ಚರ್ಮದಂಥ ಹಾಳೆಯನ್ನೂ ತಯಾರಿಸುತ್ತದೆ. ಇಡೀ ಉದ್ಯಮ ನಿಂತಿರುವುದು ಕೂತು ಹೂ ಆರಿಸುವ ಹೆಂಗಸರ ಕೈಯ ಮೇಲೆ. ದಾರ ಬೇರೆ, ಜರಿ ಬೇರೆ, ಪ್ಲಾಸ್ಟಿಕ್ ಬೇರೆ, ಎಸಳು ಬೇರೆ. ಕಾಶಿಯಲ್ಲೂ ದೇಗುಲದ ಹೂವಿನಿಂದ ಊದುಬತ್ತಿ, ಗೊಬ್ಬರ ಮಾಡುವ ಪ್ರಯತ್ನಗಳು ನಡೆದಿವೆ. ವಿಶ್ವನಾಥನಿಗೆ ಏರಿಸಿದ ಹೂವು ಗರ್ಭಗುಡಿಯಿಂದ ಬುಟ್ಟಿಯಲ್ಲಿ ಹೊರಬಂದರೆ ಅದು ಕಚ್ಚಾವಸ್ತು. ಅದೇ ಹೂವು ನದಿಗೆ ಬಿದ್ದು ತೇಲಿ ಬಂದರೆ ಯಾರೂ ಮುಟ್ಟುವುದಿಲ್ಲ.

ಸಗಣಿಯ ಸಂಗತಿಯೂ ಹೀಗೆಯೇ. ಕಾಶಿಯ ಗಲ್ಲಿಗಳಲ್ಲಿ ದನಗಳು ಎಷ್ಟೆಂದು ಹೇಳಬೇಕಾಗಿಲ್ಲ. ನದಿಯಾಚೆಯ ರಾಮನಗರದ ಹಾಲು ಒಕ್ಕೂಟದ ಡೇರಿಗೆ ಹೊಂದಿಕೊಂಡಂತೆ ಸಗಣಿಯಿಂದ ವಿದ್ಯುತ್ ತಯಾರಿಸುವ ಘಟಕಕ್ಕೆ 2021ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ಆಯಿತು. ಹಾಲು ಕೊಡುವ ರೈತನಿಂದಲೇ ಸಗಣಿಯನ್ನೂ ಕೊಂಡು, ಅದರ ಗ್ಯಾಸಿನಿಂದ ಡೇರಿಯನ್ನು ನಡೆಸಿ, ಬಗ್ಗಡವನ್ನು ಗೊಬ್ಬರವಾಗಿ ರೈತನಿಗೇ ಕೊಡುವ ಯೋಚನೆ. ಕನ್ನಡಿಗರಿಗೆ ಇದನ್ನು ಓದುವಾಗ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ ನೆನಪಾಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಅಲ್ಲಿ ಊರಿಗೆಲ್ಲ ಒಂದೇ ಗೊಬ್ಬರ ಗ್ಯಾಸ್ ಘಟಕ ಕಟ್ಟಿತು. ಮೊದಲು ಅಡುಗೆಗೆ ಗ್ಯಾಸ್ ಕೊಡಲು ಹೋಗಿ, ಗ್ಯಾಸ್ ಸಾಲದೆ, ಅದು ಕೈಗೂಡಲಿಲ್ಲ. ಆಮೇಲೆ ಊರಿನವರನ್ನೇ ಕೇಳಿದರು. ಅವರಿಗೆ ಬೇಕಿದ್ದುದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕೊಳವೆಬಾವಿಯಿಂದ ನೀರೆತ್ತಿ, ಮನೆಗಳಿಗೆ ದೀಪ ಹತ್ತಿಸಿದರು. ಸಗಣಿ ಹೊತ್ತು ತಂದವರಿಗೆ ಕಿಲೋ ಲೆಕ್ಕದಲ್ಲಿ ಪೈಸೆಗಳ ಕೂಲಿ, ಬಗ್ಗಡ ವಾಪಸು. ಬೆಲ್ಜಿಯಂನ ಉದ್ಯಮಿ ಟೋಕಿಯೊಗೆ ಹೋಗುವುದಕ್ಕೆ ಏಳು ವರ್ಷ ಮೊದಲು ನಡೆದದ್ದು ಇದು.

ಗಂಗೆಯ ದೋಣಿಗಳಿಗೂ ಗ್ಯಾಸ್ ಬಂದಿದೆ. ಡೀಸೆಲ್ ಎಂಜಿನಿನ ಹೊಗೆ, ನೀರಿನ ಮೇಲೆ ಎಣ್ಣೆಯ ಪದರ ತಪ್ಪಿಸಲು ನೂರಾರು ದೋಣಿಗಳನ್ನು ಸಿಎನ್‌ಜಿಗೆ ಬದಲಿಸಲಾಗಿದೆ, ಖಿಡಕಿಯಾ ಘಾಟಿನಲ್ಲಿ ತೇಲುವ ಸಿಎನ್‌ಜಿ ಬಂಕ್ ಇದೆ. ಗಾಳಿ ಚೊಕ್ಕಟವಾಯಿತು, ನಾವಿಕರ ಇಂಧನದ ಖರ್ಚೂ ತಗ್ಗಿತು, ಒಳ್ಳೆಯದೇ. ಆದರೆ ಇದು ನೆಲದಾಳದ ಗ್ಯಾಸ್, ಶೂನ್ಯ ವಿಸರ್ಜನೆ ಅಲ್ಲ. ಸಗಣಿಯ ಗ್ಯಾಸನ್ನು ಶುದ್ಧಮಾಡಿದರೆ ಅದೇ ಎಂಜಿನ್ ಓಡುತ್ತದೆ. ನದಿಯ ಒಂದು ದಡದಲ್ಲಿ ಸಗಣಿ, ಇನ್ನೊಂದು ದಡದಲ್ಲಿ ದೋಣಿ. ಇಷ್ಟು ಹತ್ತಿರದ ಕೊಂಡಿಯನ್ನು ಪೌಲಿಯವರ ಶಿಷ್ಯರು ಯಾವ ದೇಶದಲ್ಲೂ ಬಿಟ್ಟುಕೊಡಲಾರರು.

ಇನ್ನು ರಮನಾದಲ್ಲಿ ಎನ್‌ಟಿಪಿಸಿ ಕಟ್ಟಿರುವ ‘ಹಸಿರು ಕಲ್ಲಿದ್ದಲು’ ಘಟಕ. ಊರಿನ ಕಸವನ್ನು ಗಾಳಿ ಹೊಗದಂತೆ ಬಿಸಿಮಾಡಿ ಇದ್ದಿಲಿನಂಥ ಉಂಡೆ ಮಾಡಿ ವಿದ್ಯುತ್ ಸ್ಥಾವರದಲ್ಲಿ ಉರಿಸುವ ಏರ್ಪಾಡು. ಗುಡ್ಡವಾಗಿ ಬೀಳುವುದಕ್ಕಿಂತ ಇದು ಮೇಲು. ಆದರೂ ಇದನ್ನು ಕೊನೆಯ ಉಪಾಯವೆಂದೇ ಕರೆಯಬೇಕು. ಬೆರೆತುಹೋದ ಕಸಕ್ಕೆ ಉರಿಸುವುದರ ಹೊರತು ಬೇರೆ ಗತಿಯಿಲ್ಲ ಎನ್ನುವ ಕಡೆ ಬರುವ ಉಪಾಯ. ಗೊಬ್ಬರ ಆಗಬಹುದಾಗಿದ್ದ ಹಸಿ ಕಸವೂ ಅಲ್ಲಿ ಬೆಂಕಿಗೆ ಹೋಗುತ್ತದೆ. ಬೆಂಗಳೂರಿನವರು ಈ ಪಾಠವನ್ನು ಮಂಡೂರಿನಲ್ಲಿ ಕಲಿತರು. ಬೆರಕೆ ಕಸದ ಬೆಟ್ಟದ ಪಕ್ಕ ಬದುಕಲಾಗದೆ ಆ ಹಳ್ಳಿಯವರು ಲಾರಿಗಳನ್ನು ತಡೆದು ನಿಂತ ಮೇಲೆಯೇ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಹಸಿ ಒಂದು ಬುಟ್ಟಿ, ಒಣ ಒಂದು ಚೀಲ ಎಂಬ ಮಾತನ್ನು ಹೈಕೋರ್ಟ್ ಮನೆಮನೆಗೆ ಹೇಳಬೇಕಾಯಿತು.

ಕಾಶಿಯಲ್ಲಿ ಕನ್ನಡಿಗರು ಹೊರಗಿನವರಲ್ಲ. ಜಂಗಮವಾಡಿ ಮಠ ಶತಮಾನಗಳಿಂದ ಅಲ್ಲಿದೆ. ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್ ಇದೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿ ದರ್ಶನದ ಭಾರತ್ ಗೌರವ್ ರೈಲು ಹೊರಟಿತು. ಮುಜರಾಯಿ ಇಲಾಖೆ ಪ್ರತಿ ಯಾತ್ರಿಕರಿಗೆ ಮೊದಲಿಗೆ 5,000 ರೂಪಾಯಿ ಸಹಾಯಧನ ಕೊಟ್ಟಿತು. ಹಿಂದೆ ಕಾಶಿಗೆ ಹೋದವರು ಗಂಗೆಯನ್ನು ತಾಮ್ರದ ಗಿಂಡಿಯಲ್ಲಿ ತರುತ್ತಿದ್ದರು. ಬಾಯಿಗೆ ತಗಡು ಬೆಸೆದ ಆ ಗಿಂಡಿ ವರ್ಷಗಟ್ಟಲೆ ದೇವರ ಗೂಡಿನಲ್ಲಿ ಇರುತ್ತಿತ್ತು, ನೀರು ಮುಗಿದ ಮೇಲೂ ಪಾತ್ರೆಯಾಗಿ ಮನೆಯಲ್ಲಿ ಉಳಿಯುತ್ತಿತ್ತು. ಈಗ ಅದರ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಕ್ಯಾನು.

ನೂರಾರು ಜನ ಒಂದೇ ಅಡುಗೆಮನೆಯ ಊಟ ಉಂಡು, ಒಂದೇ ದಿನ ಒಂದೇ ಘಾಟಿಗೆ ಇಳಿಯುವ ಆ ರೈಲು ಶೂನ್ಯ ತ್ಯಾಜ್ಯದ ಪ್ರಯೋಗಕ್ಕೆ ಹೇಳಿ ಮಾಡಿಸಿದ ಜಾಗ. ಊಟಕ್ಕೆ ಮುತ್ತುಗದ ಎಲೆ ಅಥವಾ ತೊಳೆದು ಬಳಸುವ ತಟ್ಟೆ. ಪ್ರತಿ ಬೋಗಿಯಲ್ಲಿ ಹಸಿ ಕಸಕ್ಕೊಂದು ಡಬ್ಬಿ, ಅದನ್ನು ಒಪ್ಪಿಸಲು ದಾರಿಯಲ್ಲಿ ಗೊತ್ತುಮಾಡಿದ ಒಂದೆರಡು ನಿಲ್ದಾಣ. ಸಹಾಯಧನದ ಜೊತೆಗೆ ಇಲಾಖೆಯೇ ಕೊಡುವ ಒಂದು ತಾಮ್ರದ ಗಿಂಡಿ, ಒಂದು ಬಟ್ಟೆ ಚೀಲ. ಘಾಟಿನಲ್ಲಿ ಹತ್ತಿ ದಾರದಲ್ಲಿ ಕಟ್ಟಿದ ಹೂ, ಎಲೆಯ ದೊನ್ನೆ ಮಾರುವವರ ಬಳಿ ಮಾತ್ರ ಕೊಳ್ಳುವುದೆಂದು ರೈಲಿನಲ್ಲೇ ಹೇಳಿಕೊಡುವ ಮಾರ್ಗದರ್ಶಿ. ಇದಕ್ಕೆ ಹೊಸ ಯಂತ್ರ ಬೇಡ, ವಿದೇಶದ ಸಾಲ ಬೇಡ. ಟೆಂಡರಿನ ಷರತ್ತುಗಳಲ್ಲಿ ನಾಲ್ಕು ಸಾಲು ಸೇರಿಸಿದರೆ ಮುಂದಿನ ರೈಲಿನಿಂದಲೇ ಆಗುವ ಕೆಲಸ. ಹೊರಡುವ ಮೊದಲು ಇದನ್ನು ಕೇಳುವ ಹಕ್ಕು ಟಿಕೆಟ್ ಕೊಂಡ ಪ್ರತಿ ಯಾತ್ರಿಕರಿಗೂ ಇದೆ.